ಮೊದಲ ಗುಂಡು ಯಾರದು?

1775ರ ಏಪ್ರಿಲ್ 19ರ ನಸುಕಿನಲ್ಲಿ ಅಮೆರಿಕದ ಲೆಕ್ಸಿಂಗ್ಟನ್ ಬಯಲಲ್ಲಿ ಬ್ರಿಟಿಷ್ ಸೈನಿಕರಿಗೂ ಊರಿನ ದಂಡಿನವರಿಗೂ ಮುಖಾಮುಖಿಯಾಯಿತು. ಊರ ಕಡೆಯ ಎಂಟು ಮಂದಿ ಸತ್ತರು. ಮೊದಲ ಗುಂಡು ಯಾರದೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಸ್ಯಾಮ್ ವೈನ್‌ಬರ್ಗ್ ಎಂಬ ಸಂಶೋಧಕರು ಇದೇ ಪ್ರಕರಣದ ದಾಖಲೆಗಳನ್ನು ಎಂಟು ಇತಿಹಾಸಕಾರರ ಮುಂದೆಯೂ ಎಂಟು ಹೈಸ್ಕೂಲು ವಿದ್ಯಾರ್ಥಿಗಳ ಮುಂದೆಯೂ ಇಟ್ಟರು. ಓದುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಎಂದರು. ಮಕ್ಕಳು ಮೊದಲ ಸಾಲಿನಿಂದ ಓದತೊಡಗಿದರು. ಇತಿಹಾಸಕಾರರ ಕಣ್ಣು ಬರೆದವರ ಹೆಸರು, ತಾರೀಖು ಹುಡುಕುತ್ತಾ ನೇರ ಹಾಳೆಯ ಬುಡಕ್ಕೆ ಹೋಯಿತು. ಬರೆದವರು ಯಾರೆಂದು ಅವರು ಗಮನಿಸಿದ್ದು ನೂರಕ್ಕೆ 98 ಸಲ. ಮಕ್ಕಳು 31 ಸಲ.

ಅದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಬೆನ್ನು ತಿರುಗಿಸಿ ಹೊರಟಿದ್ದಾಗಲೇ ನಮ್ಮ ಮೇಲೆ ಗುಂಡು ಹಾರಿಸಿದರು ಎಂದು ಊರಿನ ದಂಡಿನ 34 ಮಂದಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದರು. ಬ್ರಿಟಿಷ್ ಲೆಫ್ಟಿನೆಂಟ್ ಬಾರ್ಕರ್ ತನ್ನ ದಿನಚರಿಯಲ್ಲಿ, ಒಂದೆರಡು ಗುಂಡು ಹಾರಿಸಿದ್ದು ಅವರೇ ಎಂದು ಬರೆದಿದ್ದ. ಒಂದು ನ್ಯಾಯಾಧಿಕಾರಿಗಳ ಮುಂದೆ ತಮ್ಮ ಪಕ್ಷ ಗಟ್ಟಿಮಾಡಿಕೊಳ್ಳಲು ಹೇಳಿದ ಮಾತು, ಇನ್ನೊಂದು ತನಗೆ ತಾನೇ ಬರೆದುಕೊಂಡದ್ದು. ಯಾರು, ಯಾರಿಗಾಗಿ, ಯಾವಾಗ ಎಂದು ಕೇಳದಿದ್ದರೆ ಎರಡನ್ನೂ ತೂಗುವುದು ಹೇಗೆ?

ನನಗೆ ಬಹಳ ಮುಖ್ಯವೆನಿಸುವುದು ಮುಂದಿನ ಮಾತು. ಆ ಮಕ್ಕಳು ದಡ್ಡರಲ್ಲ, ಒಳ್ಳೆಯ ಅಂಕ ತೆಗೆಯುವವರು. ಇತಿಹಾಸಕಾರರಲ್ಲಿ ಅರ್ಧದಷ್ಟು ಮಂದಿಯ ಕ್ಷೇತ್ರ ಅಮೆರಿಕದ ಇತಿಹಾಸವೇ ಅಲ್ಲ. ಆ ಕಾಲದ ಹೆಸರು, ಘಟನೆಗಳು ಅವರಲ್ಲಿ ಕೆಲವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಕೊರತೆಯಿದ್ದದ್ದು ಮಾಹಿತಿಯದಲ್ಲ, ಓದುವ ರೀತಿಯದು. ಹೆಚ್ಚು ನಂಬಬಹುದಾದದ್ದು ಯಾವುದು ಎಂದಾಗ ಮಕ್ಕಳು ಆ ದಾಖಲೆಗಳ ಜೊತೆಗಿದ್ದ ಪಠ್ಯಪುಸ್ತಕದ ಭಾಗವನ್ನು ಮೇಲಿಟ್ಟರು, ಇತಿಹಾಸಕಾರರು ಕೆಳಗಿಟ್ಟರು. ವರ್ಷಗಟ್ಟಲೆ ಪಠ್ಯಪುಸ್ತಕವೊಂದನ್ನೇ ಓದಿಸಿ, ಅದರ ಮೇಲೇ ಪರೀಕ್ಷೆ ಮಾಡಿದರೆ ಮಕ್ಕಳು ಇನ್ನೇನು ಕಲಿತಾರು?

1991ರಲ್ಲಿ ಈ ಅಧ್ಯಯನ ಅಚ್ಚಾಯಿತು. ತಜ್ಞರ ಈ ಓದನ್ನು ತರಗತಿಯಲ್ಲಿ ಕಲಿಸಬಹುದೇ ಎಂಬುದಕ್ಕೆ ಉತ್ತರ ಆಮೇಲೆ ಬಂತು. ಅವಿಷಾಗ್ ರೈಸ್‌ಮನ್ ಎಂಬ ಸಂಶೋಧಕಿ ಸ್ಯಾನ್ ಫ್ರಾನ್ಸಿಸ್ಕೋದ ಐದು ಸರ್ಕಾರಿ ಹೈಸ್ಕೂಲುಗಳಲ್ಲಿ ಆರು ತಿಂಗಳು ದಾಖಲೆಗಳ ಮೂಲಕವೇ ಪಾಠ ಮಾಡಿಸಿದರು. ಆ ಮಕ್ಕಳು ಆಕರಗಳನ್ನು ಓದುವುದರಲ್ಲಷ್ಟೇ ಅಲ್ಲ, ಮಾಹಿತಿ ನೆನಪಿಟ್ಟುಕೊಳ್ಳುವುದರಲ್ಲೂ ಮುಂದೆ ಬಂದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು.

ಇತಿಹಾಸ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ: ಮುಂದಿನ ಪಾಠಕ್ಕೆ ಒಂದೇ ಘಟನೆಯ ಬಗ್ಗೆ ಒಂದಕ್ಕೊಂದು ಒಪ್ಪದ ಎರಡು ದಾಖಲೆ ತನ್ನಿ. ಯಾವುದು ಸರಿ ಎಂದು ನೀವೇ ಮೊದಲು ಹೇಳಬೇಡಿ.