ಕರುಳಿನ ಹೊಲಿಗೆ ಸೋರಿದಾಗ

ಕರುಳಿನ ಶಸ್ತ್ರಚಿಕಿತ್ಸೆ ಮುಗಿದು ರೋಗಿಯನ್ನು ವಾರ್ಡಿಗೆ ತಂದೊಡನೆ ಮನೆಯವರು ಗಂಡಾಂತರ ಕಳೆಯಿತೆಂದು ಸಮಾಧಾನ ಪಡುತ್ತಾರೆ. ಶಸ್ತ್ರವೈದ್ಯರು ಮಾತ್ರ ಇನ್ನೂ ಒಂದು ವಾರ ದಿನ ಎಣಿಸುತ್ತಲೇ ಇರುತ್ತಾರೆ. ಅರ್ಬುದ, ಕ್ಷಯ, ವಿಷಮಶೀತಜ್ವರದಿಂದಾದ ರಂಧ್ರ, ಕರುಳಿನ ತಿರುಚು ಮೊದಲಾದ ಕಾರಣಗಳಿಂದ ಕೆಟ್ಟ ಭಾಗವನ್ನು ತೆಗೆದು ಉಳಿದ ಎರಡು ತುದಿಗಳನ್ನು ಜೋಡಿಸಿರುತ್ತಾರೆ. ಆ ಜೋಡಣೆ ಬಿಟ್ಟುಕೊಂಡರೆ ಕರುಳಿನೊಳಗಿನ ಮಲ, ರಸ, ಕ್ರಿಮಿಗಳು ಹೊಟ್ಟೆಯ ಪೊಳ್ಳಿಗೆ ಇಳಿಯುತ್ತವೆ. ವೈದ್ಯರು ಅನಾಸ್ಟೊಮೋಟಿಕ್ ಲೀಕ್ ಎನ್ನುವ ಇದನ್ನು ನಾವು ಇಲ್ಲಿ ಹೊಲಿಗೆಯ ಸೋರಿಕೆ ಎಂದು ಕರೆಯೋಣ.

ಕರುಳಿನ ಹೊರಪದರಗಳು ಪರಸ್ಪರ ತಾಗುವಂತೆ ಹೊಲಿದರೆ ಅವು ಬೇಗ ಕೂಡಿಕೊಳ್ಳುತ್ತವೆಂದು ಫ್ರಾನ್ಸಿನ ಲಾಂಬೆರ್ ಎಂಬ ಶಸ್ತ್ರವೈದ್ಯರು 1826ರಲ್ಲಿಯೇ ತೋರಿಸಿಕೊಟ್ಟರು. ಇಂದು ಸ್ಟೇಪ್ಲರ್ ಯಂತ್ರಗಳೂ ಬಂದಿವೆ. ಆದರೂ ದಾರವಾಗಲಿ ಪಿನ್ನಾಗಲಿ ತುದಿಗಳನ್ನು ಹಿಡಿದುಕೊಂಡಿರುತ್ತದೆಯಷ್ಟೆ; ಬೆಸೆಯುವ ಕೆಲಸ ದೇಹದ್ದೇ. ಮೊದಲ ಕೆಲವು ದಿನ ಗಾಯದ ಅಂಚಿನ ಹಳೆಯ ನಾರು ಕರಗುತ್ತದೆ, ಹೊಸ ನಾರು ಇನ್ನೂ ಬಲಿತಿರುವುದಿಲ್ಲ. ಆ ದುರ್ಬಲ ಅವಧಿಯಲ್ಲಿ ರಕ್ತದ ಹರಿವು ಕಡಿಮೆಯಾದರೆ ಹೊಲಿಗೆ ಸೋಲುತ್ತದೆ. ಸಣ್ಣಕರುಳಿನಲ್ಲಿ ಇದು ವಿರಳ. ಗುದನಾಳದ ಕೆಳಭಾಗದ ಜೋಡಣೆಯಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಆಗಬಹುದು. ಧೂಮಪಾನ, ಅಪೌಷ್ಟಿಕತೆ, ಸ್ಟೀರಾಯ್ಡ್ ಔಷಧಿ, ಹಿಡಿತವಿಲ್ಲದ ಮಧುಮೇಹ, ತುರ್ತಾಗಿ ಮಾಡಿದ ಶಸ್ತ್ರಚಿಕಿತ್ಸೆ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ನುರಿತ ಕೈಗಳು ಹಾಕಿದ ಹೊಲಿಗೆಯೂ ಸೋರುವುದುಂಟು. ಆದ್ದರಿಂದ ಸೋರಿಕೆಯೆಂದೊಡನೆ ವೈದ್ಯರ ಅಜಾಗರೂಕತೆಯೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಬೇಗ ಗುರುತಿಸುವುದು. ಜ್ವರ ಬರಲೇಬೇಕೆಂದಿಲ್ಲ. ಎಷ್ಟೋ ವೇಳೆ ಮೊದಲು ನಾಡಿಮಿಡಿತ ಏರುತ್ತದೆ, ಉಸಿರಾಟ ವೇಗವಾಗುತ್ತದೆ. ನಿನ್ನೆ ಎದ್ದು ನಾಲ್ಕು ಹೆಜ್ಜೆ ನಡೆದವರು ಇಂದು ಕಾರಣವಿಲ್ಲದೆ ಮುದುಡಿ ಮಲಗುತ್ತಾರೆ. ಹೊಟ್ಟೆ ಉಬ್ಬುತ್ತದೆ, ಇಳಿಯಬೇಕಾದ ನೋವು ಏರುತ್ತದೆ, ವಾಂತಿಯಾಗುತ್ತದೆ. ಹೊಟ್ಟೆಗೆ ಹಾಕಿದ ನಳಿಗೆಯ ದ್ರವ ಹಸಿರಾಗಿಯೋ ಮಲದ ಬಣ್ಣ, ವಾಸನೆಯಿಂದಲೋ ಬರಬಹುದು. ವೃದ್ಧರಲ್ಲಿ ಬರಿಯ ಮಂಕುತನ, ತೊದಲುವ ಮಾತು ಇವಷ್ಟೇ ಸುಳಿವಾಗುವುದುಂಟು. ಅವರನ್ನು ದಿನವೂ ಬಲ್ಲ ಮನೆಯವರಿಗೆ ಈ ಬದಲಾವಣೆ ನರ್ಸಿಗಿಂತ ಮೊದಲೇ ತಿಳಿಯುತ್ತದೆ, ಸಂಕೋಚವಿಲ್ಲದೆ ಹೇಳಬೇಕು. ಮೂರು, ನಾಲ್ಕನೆಯ ದಿನದ ಸಿ.ಆರ್.ಪಿ. ರಕ್ತಪರೀಕ್ಷೆ ಇಳಿಯದೆ ಏರುತ್ತಿದ್ದರೆ ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಈಗ ನಾಲ್ಕೈದು ದಿನಕ್ಕೇ ಮನೆಗೆ ಕಳುಹಿಸುವ ಪದ್ಧತಿ ಬೆಳೆದಿರುವುದರಿಂದ ಸೋರಿಕೆ ಮನೆಯಲ್ಲಿಯೂ ಕಾಣಿಸಬಹುದು. ಅಂಗಡಿಯಿಂದ ನೋವಿನ ಮಾತ್ರೆ ತಂದು ರಾತ್ರಿ ಕಳೆಯುವುದು, ಮಲ ಬರಲಿಲ್ಲವೆಂದು ಭೇದಿಯ ಔಷಧ ಅಥವಾ ಎನಿಮಾ ಕೊಡುವುದು, ಶಕ್ತಿ ಬರಲೆಂದು ಗಂಜಿ ಕುಡಿಸುವುದು ಯಾವುದೂ ಕೂಡದು. ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಗೇ ಕೂಡಲೇ ಮರಳಬೇಕು.

ಚಿಕಿತ್ಸೆ ರೋಗಿಯ ಸ್ಥಿತಿಯನ್ನು ಅವಲಂಬಿಸಿದೆ. ಸೋರಿಕೆ ಸಣ್ಣದಾಗಿದ್ದು, ಕೀವು ಒಂದೆಡೆ ನಿಂತಿದ್ದು, ರೋಗಿ ಸ್ಥಿರವಾಗಿದ್ದರೆ ಮತ್ತೆ ಹೊಟ್ಟೆ ತೆರೆಯದೆಯೇ ನಿಭಾಯಿಸಬಹುದು: ಬಾಯಿಯ ಆಹಾರ ನಿಲ್ಲಿಸಿ, ಆ್ಯಂಟಿಬಯಾಟಿಕ್ ಕೊಟ್ಟು, ಸ್ಕ್ಯಾನ್ ನೋಡುತ್ತ ಚರ್ಮದ ಮೂಲಕ ನಳಿಗೆ ಇಳಿಸಿ ಕೀವು ಹೊರತೆಗೆಯುತ್ತಾರೆ. ಪೋಷಣೆ ರಕ್ತನಾಳದ ಮೂಲಕ ನಡೆಯುತ್ತದೆ. ಗುದನಾಳದ ಸೋರಿಕೆಗೆ ಎಂಡೋಸ್ಕೋಪಿನ ಮೂಲಕ ಸ್ಪಂಜನ್ನಿಟ್ಟು, ಹೀರುವ ಯಂತ್ರಕ್ಕೆ ಜೋಡಿಸಿ, ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸುವ ವಿಧಾನವೂ ಇದೆ. ಇದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು. ಆದರೆ ನಂಜು ಹೊಟ್ಟೆಯೆಲ್ಲ ಹರಡಿ ರಕ್ತದೊತ್ತಡ ಕುಸಿದಾಗ ಕಾಯುವಂತಿಲ್ಲ. ಮತ್ತೆ ಹೊಟ್ಟೆ ತೆರೆದು ತೊಳೆದು, ಹೊಲಿಗೆಯನ್ನು ಉಳಿಸಿಕೊಳ್ಳಬಹುದಾದರೆ ಅದರ ಮೇಲ್ಭಾಗದ ಕರುಳನ್ನು ಹೊರತರುತ್ತಾರೆ. ಉಳಿಯದಿದ್ದರೆ ಜೋಡಣೆಯನ್ನೇ ಬಿಚ್ಚಿ ಮೇಲಿನ ತುದಿಯನ್ನು ಹೊಟ್ಟೆಯ ಮೇಲೆ ತರುತ್ತಾರೆ.

ಹೀಗೆ ಹೊರತಂದ ಕರುಳಿನ ಬಾಯಿಯೇ ಸ್ಟೋಮಾ. ಅದರ ಹೆಸರು ಕೇಳಿದೊಡನೆ ಸಹಿ ಹಾಕಲು ಹಿಂಜರಿದು, ಊರಿನ ಹಿರಿಯರನ್ನು ಕೇಳಿ ಬರುತ್ತೇವೆನ್ನುವ ಕುಟುಂಬಗಳಿವೆ. ಆ ವಿಳಂಬ ಜೀವವನ್ನೇ ಕೇಳಬಹುದು. ಸ್ವೀಡನ್ನಿನಲ್ಲಿ 234 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುದನಾಳದ ಕೆಳಭಾಗದ ಶಸ್ತ್ರಚಿಕಿತ್ಸೆಯ ಜೊತೆಗೇ ಸ್ಟೋಮಾ ಮಾಡಿದವರಲ್ಲಿ ಶೇಕಡಾ 10ರಷ್ಟು, ಮಾಡದವರಲ್ಲಿ ಶೇಕಡಾ 28ರಷ್ಟು ಜನರಿಗೆ ಲಕ್ಷಣ ತೋರುವ ಸೋರಿಕೆಯಾಯಿತು. ಅಂದರೆ ಇದು ಸೋಲಿನ ಗುರುತಲ್ಲ, ರಕ್ಷಣೆಯ ಉಪಾಯ. ಚೀಲ ಸರಿಯಾಗಿ ಅಂಟಿದರೆ ವಾಸನೆ ಬರುವುದಿಲ್ಲ. ಸ್ನಾನ, ಪೂಜೆ, ಹೊಲದ ಓಡಾಟ, ಪಂಕ್ತಿಯ ಊಟ ಯಾವುದಕ್ಕೂ ಅದು ಅಡ್ಡಿಯಲ್ಲ. ಸಣ್ಣಕರುಳಿನ ಸ್ಟೋಮಾದಿಂದ ನೀರು, ಉಪ್ಪು ಹೆಚ್ಚು ನಷ್ಟವಾಗುವುದರಿಂದ, ಚೀಲ ಪದೇಪದೇ ತುಂಬಿ ಮೂತ್ರ ಕಡಿಮೆಯಾದರೆ ಬರಿಯ ನೀರು ಸಾಲದು, ಓ.ಆರ್.ಎಸ್. ದ್ರಾವಣ ಕೊಟ್ಟು ವೈದ್ಯರಿಗೆ ತಿಳಿಸಬೇಕು. ಹಲವರಲ್ಲಿ ಕೆಲವು ತಿಂಗಳ ನಂತರ, ಜೋಡಣೆ ಕೂಡಿದೆಯೇ ಎಂದು ಬಣ್ಣದ್ರವದ ಎಕ್ಸ್-ರೇ ಅಥವಾ ಎಂಡೋಸ್ಕೋಪಿಯಿಂದ ನೋಡಿ, ಸ್ಟೋಮಾವನ್ನು ಮುಚ್ಚುತ್ತಾರೆ. ಕೀಮೋಥೆರಪಿ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಕಾಯಬೇಕಾಗಬಹುದು.