ಕೊಟ್ಟಿಗೆಯಲ್ಲಿದ್ದ ಜಾವಾ

ಮನೆಯಲ್ಲಿ ಹಳೆಯ ವಸ್ತುವೊಂದು ಇದ್ದಿತೆಂದರೆ ಅದನ್ನು ಕುರಿತು ಎರಡು ಪಕ್ಷಗಳು ಹುಟ್ಟದೆ ಇರವು. "ಇದರಿಂದ ಪ್ರಯೋಜನವೇನು? ಮಾರಿಬಿಡಿ" ಎಂಬುದು ಒಂದು ಪಕ್ಷ, "ಇರಲಿ ಬಿಡಿ, ಅದೇನು ಅನ್ನ ಕೇಳುವುದೆ?" ಎಂಬುದು ಇನ್ನೊಂದು. ಚಾಮರಾಜನಗರ ತಾಲ್ಲೂಕಿನ ಹರವೆಯಲ್ಲಿರುವ ನಮ್ಮ ಮನೆಯಲ್ಲಿಯೂ ಇಂತಹ ವ್ಯಾಜ್ಯವೊಂದು ಬಹುಕಾಲ ನಡೆಯಿತು. ಅದಕ್ಕೆ ಕಾರಣವಾದುದು ಅರಿಸಿನದ ಮೂಟೆಗಳ ಹಿಂದೆ, ಕೊಟ್ಟಿಗೆಯ ಮೂಲೆಯಲ್ಲಿ, ಕೋಳಿಗಳಿಗೆ ಆಸನವನ್ನು ಬಿಟ್ಟುಕೊಟ್ಟು ನಿಂತಿದ್ದ ನಮ್ಮ ತಂದೆಯವರ 1966ನೆಯ ಇಸವಿಯ ಜಾವಾ ಮೋಟಾರ್ ಸೈಕಲ್ಲು. ಗುಜರಿಯವನು ತಕ್ಕಡಿಯೊಡನೆ ಬಾಗಿಲಿಗೆ ಬಂದ ದಿನ ವ್ಯಾಜ್ಯವು ತೀರ್ಮಾನದ ಹಂತಕ್ಕೆ ಬಂದಿತು. ಆ ತೀರ್ಮಾನವನ್ನು ಹೇಳುವುದಕ್ಕೆ ಮೊದಲು ಈ ಬಂಡಿಯ ಜಾತಕವನ್ನು ವಾಚಕರಲ್ಲಿ ಅರಿಕೆಮಾಡುವೆವು.

ಜಾವಾ ಎಂಬ ಹೆಸರಿಗೂ ಅದೇ ಹೆಸರಿನ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ಚೆಕೊಸ್ಲೊವಾಕಿಯಾ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರ್ ಸೈಕಲ್ಲು ತಯಾರಿಸುವ ಹಕ್ಕನ್ನು ಕೊಂಡುಕೊಂಡನು. ತನ್ನ ಹೆಸರಿನ ಮೊದಲನ್ನೂ ಆ ಕಂಪನಿಯ ಹೆಸರಿನ ಮೊದಲನ್ನೂ ಕೂಡಿಸಿ ಬಂಡಿಗೆ ನಾಮಕರಣ ಮಾಡಿದನು. ಆ ದೇಶದವರ ಬಾಯಲ್ಲಿ ಅದು 'ಯಾವಾ'. ನಮ್ಮವರ ಬಾಯಲ್ಲಿ 'ಜಾವಾ'.

ಹಾಗೆ ಹುಟ್ಟಿದ ಬಂಡಿಗೆ ನಮ್ಮ ಮೈಸೂರೇ ಎರಡನೆಯ ತೌರುಮನೆಯಾಯಿತು. ಇರಾನಿ ಮನೆತನದ ರುಸ್ತುಂ ಮತ್ತು ಫರೂಕ್ ಎಂಬವರು ಐಡಿಯಲ್ ಜಾವಾ ಎಂಬ ಕಂಪನಿಯನ್ನು ಕಟ್ಟಿ, ಯಾದವಗಿರಿಯಲ್ಲಿ ಕಾರ್ಖಾನೆಯನ್ನು ನಿಲ್ಲಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು 1961ರಲ್ಲಿ ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು. ಆ ಕಾಲದಲ್ಲಿ ಹರವೆಯೂ ಮೈಸೂರು ಜಿಲ್ಲೆಗೇ ಸೇರಿದ್ದಿತು; ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಆದುದರಿಂದ ಈ ಬಂಡಿಯು ನಮ್ಮ ಜಿಲ್ಲೆಯ ಮಗುವೇ ಎಂದು ನಾವು ಹೆಮ್ಮೆಪಟ್ಟುಕೊಂಡರೆ ತಪ್ಪಾಗಲಾರದು.

ಇದರ ಯಂತ್ರವನ್ನು ಕುರಿತು ಒಂದೆರಡು ಮಾತು. ನಾಲ್ಕು ಹೊಡೆತದ ಯಂತ್ರದಲ್ಲಿ ಅಚ್ಚು ಎರಡು ಸುತ್ತು ತಿರುಗಿದರೆ ಒಂದು ಬಾರಿ ಬಲ ಹುಟ್ಟುವುದು. ಎರಡು ಹೊಡೆತದ ಜಾವಾದಲ್ಲಿ ಪ್ರತಿಯೊಂದು ಸುತ್ತಿಗೂ ಬಲ ಹುಟ್ಟುವುದು. ಯಂತ್ರಕ್ಕೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಆದುದರಿಂದಲೇ ಅದು ಹೋದ ದಾರಿಯಲ್ಲಿ ನೀಲಿ ಹೊಗೆಯೊಂದು ಧೂಪದಂತೆ ಏಳುತ್ತಿದ್ದಿತು. ಸಿಲಿಂಡರು ಒಂದೇ; ಹೊಗೆಯ ಕೊಳವೆಗಳು ಮಾತ್ರ ಎರಡು. ಇನ್ನೂ ಸೋಜಿಗವೆಂದರೆ, ಎಡಗಡೆಯಲ್ಲಿರುವ ಒಂದೇ ಸನ್ನೆಕೋಲು ಎರಡು ಕೆಲಸವನ್ನು ಮಾಡುವುದು. ಅದನ್ನು ಒಳಕ್ಕೆ ಒತ್ತಿ ಮೇಲೆತ್ತಿ ತುಳಿದರೆ ಯಂತ್ರವು ಎಚ್ಚರಗೊಳ್ಳುವುದು. ಮತ್ತೆ ಸ್ವಸ್ಥಾನಕ್ಕೆ ಇಳಿಸಿದರೆ ಅದೇ ಗೇರಿನ ಕೋಲಾಗುವುದು. ಮಿತವ್ಯಯವನ್ನು ಬಲ್ಲ ಗೃಹಸ್ಥನೊಬ್ಬನು ಇದನ್ನು ಕಲ್ಪಿಸಿರಬೇಕೆಂದು ನಮ್ಮ ತಂದೆಯವರು ಹೇಳುತ್ತಿದ್ದರು.

ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ತಾಳಿದುದು 1973ರಲ್ಲಿ. ಹೆಚ್ಚುಕಡಮೆ ಅದೇ ಕಾಲದಲ್ಲಿ ಜಾವಾ ಬಂಡಿಯೂ ಯೆಜ್ದಿಯೆಂಬ ಹೊಸ ಹೆಸರನ್ನು ಪಡೆಯಿತು. ಇರಾನಿನ ಯೆಜ್ದ್ ಪಟ್ಟಣದಿಂದ ಆ ಹೆಸರು ಬಂದಿತೆಂದು ಹೇಳುವರು. ಯೆಜ್ದಿಯ ಜಾಹೀರಾತಿನ ಘೋಷಣೆಯು ಆಗಿನವರಿಗೆಲ್ಲ ಬಾಯಿಪಾಠವಾಗಿದ್ದಿತು: 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ'. ಎಂದೆಂದಿಗೂ ಬಾಳುವ ಬಂಡಿ, ಎಂದೆಂದಿಗೂ ಕುಂದದ ಬೆಲೆ ಎಂದು ಅದರ ತಾತ್ಪರ್ಯ. ಜಾಹೀರಾತಿನ ಮಾತನ್ನು ಅರ್ಧಕ್ಕರ್ಧ ಕಳೆದು ನಂಬಬೇಕೆಂಬುದು ಸಂಸಾರಿಗಳ ಅನುಭವ. ಕಂಪನಿಯು ತಾನೇ ಎಂದೆಂದಿಗೂ ಬಾಳಲಿಲ್ಲ. ಕಡಮೆ ಪೆಟ್ರೋಲು ಕುಡಿಯುವ ಸಣ್ಣ ಬಂಡಿಗಳು ಬಂದುವು. ಹೊಗೆಯನ್ನು ಕುರಿತ ಕಾನೂನುಗಳು ಬಿಗಿಯಾದುವು. 1996ರಲ್ಲಿ ಯಾದವಗಿರಿಯ ಕಾರ್ಖಾನೆಯು ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ದಿ ಎಂಬ ಹೆಸರೂ ಮತ್ತೊಂದು ಕಂಪನಿಯ ಮೂಲಕ ಮರಳಿ ರಸ್ತೆಗೆ ಬಂದುವಾದರೂ, ಅವು ನಾಲ್ಕು ಹೊಡೆತದ ಬೇರೆಯೇ ಬಂಡಿಗಳು.

ಇನ್ನು ನಮ್ಮ ವ್ಯಾಜ್ಯಕ್ಕೆ ಬರೋಣ. ಗುಜರಿಯವನು ಕಬ್ಬಿಣದ ತೂಕಕ್ಕೆ ಬೆಲೆ ಹೇಳಿದನು. ನಾವು ಹೂಂ ಎನ್ನುವುದರಲ್ಲಿದ್ದೆವು. ಅಷ್ಟರಲ್ಲಿ ನಮ್ಮ ತಾಯಿಯವರು ಒಳಗಿನಿಂದ ಬಂದು, "ನಿನಗೆ ನಾಲ್ಕು ವರ್ಷವಾಗಿದ್ದಾಗ ಜ್ವರ ನೆತ್ತಿಗೇರಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಮಳೆಯಲ್ಲಿ ನಿಮ್ಮಪ್ಪ ನಿನ್ನನ್ನು ನಗರದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಇದರ ಮೇಲೆಯೇ. ಆವತ್ತು ಇದು ನಿಲ್ಲಲಿಲ್ಲ. ಆ ತೂಕವನ್ನೂ ಹಾಕಿ ಬೆಲೆ ಹೇಳಪ್ಪಾ" ಎಂದರು. ಗುಜರಿಯವನು ಸಭ್ಯ, ತಕ್ಕಡಿಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದನು.

ಇರಿಸಿಕೊಳ್ಳುವುದೆಂದಾದ ಮೇಲೆ ಕಾನೂನಿನ ತೊಡಕು ಎದ್ದಿತು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಬಂಡಿಗಳನ್ನು ಪುರಾತನ ವಾಹನವೆಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರವು ನಿಯಮ ಮಾಡಿರುವುದು. ಹೊಸದಾಗಿ ನೋಂದಾಯಿಸಲು ನಿಯಮದಲ್ಲಿ ಗೊತ್ತುಮಾಡಿದ ಶುಲ್ಕ 20,000 ರೂಪಾಯಿ. ಅದರ ಅವಧಿ 10 ವರ್ಷ. ಆದರೆ ಅಂತಹ ಬಂಡಿಯನ್ನು ಪ್ರದರ್ಶನಕ್ಕೂ ಮೆರವಣಿಗೆಗೂ ದುರಸ್ತಿಗೂ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇದನ್ನು ಕೇಳಿ ನಮ್ಮ ತಾಯಿಯವರು, "ಸಂತೆಗೆ ಹೋಗಬಾರದ ಬಂಡಿ ನಮಗೆ ಯಾಕಪ್ಪಾ?" ಎಂದುಬಿಟ್ಟರು. ಕಡೆಗೆ, ತಪಾಸಣೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸುವ ಸಾಧಾರಣ ನೋಂದಣಿಯನ್ನೇ ಆರಿಸಿಕೊಂಡೆವು.

ಇಂತಹ ಬಂಡಿಯುಳ್ಳ ಮನೆಯವರಿಗೆ ನಮ್ಮ ಅನುಭವದ ಮಾತೆರಡು: ಮೊದಲು ಕಾಗದಪತ್ರಗಳನ್ನು ಹುಡುಕಿರಿ, ಆಮೇಲೆ ಬಣ್ಣದ ಯೋಚನೆ ಮಾಡಿರಿ. ಬಿಡಿ ಭಾಗಗಳು ಎಷ್ಟೇ ತುಕ್ಕು ಹಿಡಿದಿದ್ದರೂ ಎಸೆಯಬೇಡಿರಿ. ಹೊಸದನ್ನು ಮಾಡಿಸುವುದಕ್ಕೆ ಹಳೆಯದೇ ಅಚ್ಚು.

ನಗರದ ವೃದ್ಧ ಮೆಕ್ಯಾನಿಕ್ಕರೊಬ್ಬರು ಮೂರು ತಿಂಗಳು ಶ್ರಮಿಸಿದರು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ದಿ ಪ್ರಿಯರು ಬಂಡಿಗಳೊಡನೆ ಒಟ್ಟುಗೂಡುವ ವಾಡಿಕೆಯುಂಟು. ನಮ್ಮ ಬಂಡಿಯು ಅಲ್ಲಿಗೆ ಹೋಗಲಿಲ್ಲ. ಆ ಭಾನುವಾರ ಅದು ತಾಯಿಯವರನ್ನು ಹಿಂದೆ ಕೂಡಿಸಿಕೊಂಡು, ನೀಲಿ ಹೊಗೆಯನ್ನು ಬಿಡುತ್ತ, ತೆರಕಣಾಂಬಿಗೆ ಹೋಗಿ ತರಕಾರಿಯನ್ನು ತಂದಿತು. ಕೋಳಿಗಳಿಗೆ ಮಾತ್ರ ಈ ತೀರ್ಮಾನವು ಇಂದಿಗೂ ಒಪ್ಪಿಗೆಯಾಗಿಲ್ಲ.