ಕುಸುಬಿಯ ಎಲೆಲೆಕ್ಕ

ವಿಜಯಪುರ, ಗದಗ, ಕಲಬುರಗಿ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳದ ಸುತ್ತ ಕುಸುಬಿ ಬಿತ್ತುವ ರೂಢಿಯಿದೆ. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಆದರೆ ಹುಟ್ಟಿದ ಮೊದಲ ಕೆಲವು ವಾರ ಕುಸುಬಿಗೆ ಮುಳ್ಳಿರುವುದಿಲ್ಲ. ಕಾಂಡ ಮೇಲೇಳದೆ ಎಲೆಗಳು ನೆಲಕ್ಕಂಟಿ ಚಕ್ರದಂತೆ ಹರಡಿಕೊಳ್ಳುತ್ತವೆ. ಪಲ್ಯಕ್ಕೆ ಕಿತ್ತು ತರುವುದು ಈ ಎಳೆ ಸೊಪ್ಪನ್ನೇ.

ದಾರಿಹೋಕರಿಗೆ ಬೆಳೆ ಬೆಳೆಯದೆ ಕೂತಂತೆ ಕಾಣುತ್ತದೆ. ಅಷ್ಟರಲ್ಲಿ ಎಲೆ ತಯಾರಿಸಿದ ಆಹಾರ ಕೆಳಗಿಳಿದು, ತಾಯಿಬೇರು ತೇವ ಹುಡುಕುತ್ತ ಆಳಕ್ಕೆ ಸಾಗಿರುತ್ತದೆ. ಮಣ್ಣು ಆಳವಿದ್ದರೆ ಎರಡು ಮೀಟರನ್ನೂ ಮುಟ್ಟೀತು.

ಒಂದು ಎಲೆಯ ಬೆನ್ನಿಗೆ ಇನ್ನೊಂದು ಮೂಡಲು ಎಷ್ಟು ದಿನ ಬೇಕು? ಅದು ಶಾಖದ ಮೇಲೆ ನಿಂತಿದೆ. ಕುಡಿಯಲ್ಲಿ ಜೀವಕೋಶಗಳು ಹೆಚ್ಚುವ ವೇಗವನ್ನು ನಿರ್ಧರಿಸುವುದು ಶಾಖ. ದಿನದಿನದ ಉಷ್ಣತೆಯನ್ನು ಕೂಡಿಸಿ ಬೆಳೆಯ ನಡೆ ಅಳೆಯುವ ಯೋಚನೆಯನ್ನು ಫ್ರಾನ್ಸಿನ ರೇಮ್ಯೂರ್ 1735ರಲ್ಲೇ ಮುಂದಿಟ್ಟಿದ್ದ. ಈಗಿನ ಲೆಕ್ಕ ಸರಳ: ದಿನದ ಗರಿಷ್ಠ, ಕನಿಷ್ಠ ಉಷ್ಣತೆಗಳ ಸರಾಸರಿಯಿಂದ ಬೆಳವಣಿಗೆ ನಿಂತುಹೋಗುವ ಮಟ್ಟವನ್ನು ಕಳೆಯಬೇಕು. ಕುಸುಬಿಗೆ ಆ ಮಟ್ಟ ಸುಮಾರು 5 ಡಿಗ್ರಿ ಸೆಲ್ಸಿಯಸ್. ಹಗಲು 32, ರಾತ್ರಿ 20 ಡಿಗ್ರಿಯಿದ್ದ ದಿನ ಗಿಡದ ಖಾತೆಗೆ 21 ಜಮೆಯಾಗುತ್ತದೆ. ಹಗಲು 29, ರಾತ್ರಿ 13ಕ್ಕೆ ಇಳಿದರೆ ಬರೀ 16. ಬೆಚ್ಚನೆಯ ಹತ್ತು ದಿನದ ಕೆಲಸಕ್ಕೆ ಚಳಿಯಲ್ಲಿ ಹದಿಮೂರು ದಿನ ಹಿಡಿಯುತ್ತದೆ. ಶಾಖ ಅತಿಯಾದರೂ ಬೆಳವಣಿಗೆ ಕುಂಟುತ್ತದೆ ಎಂಬುದು ನೆನಪಿರಲಿ.

ಉತ್ತರಿ, ಹಸ್ತ ಮಳೆಯ ಹದಕ್ಕೆ ಬಿತ್ತಿದ ಕುಸುಬಿ ಬೆಚ್ಚನೆಯ ಮಣ್ಣಿನಲ್ಲಿ ಬೇಗ ಎಲೆ ಹರಡಿ ನೆಲ ಮುಚ್ಚುತ್ತದೆ. ನವೆಂಬರಿಗೆ ತಳ್ಳಿದರೆ ಎಲೆಗಳು ಚಳಿಯಲ್ಲಿ ತಡವರಿಸಿ ಬರುತ್ತವೆ, ಬಯಲಾದ ನೆಲದಿಂದ ತೇವ ಆರುತ್ತದೆ. ಎಳೆಯ ಗಿಡಕ್ಕೆ ಹೇನು ಮುತ್ತಿ ರಸ ಹೀರುತ್ತದೆ. ಇಷ್ಟರ ಮೇಲೆ ಫೆಬ್ರುವರಿಯ ಬಿಸಿಲು ಬಂದು ಹೂವು, ಕಾಳುಗಳನ್ನು ಅವಸರಕ್ಕೆ ದೂಡುತ್ತದೆ. ಸಾಕಷ್ಟು ಎಲೆಯಿಲ್ಲದ ಗಿಡ ಕಾಳು ತುಂಬುವುದಾದರೂ ಹೇಗೆ?

ಹಿರಿಯರ ಮಳೆನಕ್ಷತ್ರದ ಲೆಕ್ಕ ನನಗೆ ದೊಡ್ಡದಾಗಿ ಕಾಣುವುದು ಇಲ್ಲಿ. ಅದು ಸೂರ್ಯನ ಚಲನೆಯನ್ನು ಹಿಡಿದು ನಡೆಯುವಂಥದ್ದು. ಹಾಗಾಗಿ ಮಳೆಯ ಜೊತೆಗೇ ಶಾಖದ ಏರಿಳಿತವೂ ಅದರೊಳಗೆ ಸೇರಿಕೊಂಡಿದೆ.

ಈ ಹಿಂಗಾರಿಯಲ್ಲಿ ಬಿತ್ತಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ವಾರಕ್ಕೊಮ್ಮೆ ಹತ್ತು ಗಿಡಗಳ ಎಲೆ ಎಣಿಸಿ, ಪಕ್ಕದಲ್ಲೇ ಬರೆದಿಡಿ.